ಚೀಲದ ಪಕ್ಕದಲ್ಲಿ ಬಾಟಲಿ: ನ್ಯಾನೊ ಕುರಿತ ಜನಾಭಿಪ್ರಾಯದ ಹಾದಿ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಭತ್ತದ ಗದ್ದೆಗೂ ಕುರುಗೋಡಿನ ಮೆಣಸಿನಕಾಯಿ ಹೊಲಕ್ಕೂ ನ್ಯಾನೊ ತಂತ್ರಜ್ಞಾನ ಬಂದದ್ದು ಅರ್ಧ ಲೀಟರಿನ ಬಾಟಲಿಯಲ್ಲಿ, ಗೊಬ್ಬರದಂಗಡಿಯ ಮೂಲಕ. ಆದರೆ ಜನ ಇದನ್ನು ಹೇಗೆ ಕಾಣುತ್ತಾರೆಂಬ ಅಧ್ಯಯನ ಶುರುವಾದದ್ದು ಅದಕ್ಕೂ ಬಹಳ ಮುಂಚೆ, ಪಶ್ಚಿಮದ ದೇಶಗಳಲ್ಲಿ.

ಪರಿಣಾಮ ಸರಿಯಾಗಿ ತಿಳಿಯುವವರೆಗೆ ನ್ಯಾನೊಕಣಗಳನ್ನು ಪರಿಸರಕ್ಕೆ ಬಿಡದಿರುವುದೇ ಲೇಸು ಎಂದು ಬ್ರಿಟನ್ನಿನ ರಾಯಲ್ ಸೊಸೈಟಿ 2004ರಲ್ಲೇ ಎಚ್ಚರಿಸಿತ್ತು. ಹಲವು ಸಮೀಕ್ಷೆಗಳನ್ನು ಒಟ್ಟುಗೂಡಿಸಿದ 2009ರ ವಿಶ್ಲೇಷಣೆಯೊಂದರಲ್ಲಿ, ಅಪಾಯ ಹೆಚ್ಚೆಂದವರಿಗಿಂತ ಲಾಭ ಹೆಚ್ಚೆಂದವರು ಮೂರು ಪಟ್ಟು ಇದ್ದರು. ಶೇ 40ಕ್ಕೂ ಹೆಚ್ಚು ಮಂದಿ ಯಾವುದನ್ನೂ ಹೇಳಲಾರದೆ ಉಳಿದರು. ಅದೇ ವರ್ಷ ಸಂಶೋಧಕ ಡಾನ್ ಕಹಾನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಕಂಡದ್ದು ಇನ್ನೂ ಕುತೂಹಲಕರ: ಮಾಹಿತಿ ಕೊಟ್ಟಷ್ಟೂ ಜನ ಒಮ್ಮತಕ್ಕೆ ಬರಲಿಲ್ಲ, ತಮ್ಮ ತಮ್ಮ ಮೌಲ್ಯಗಳಿಗೆ ತಕ್ಕಂತೆ ಬೇರೆಬೇರೆಯಾದರು. ನಮ್ಮಲ್ಲಿ 2007ರ ನ್ಯಾನೊ ಮಿಷನ್ 1,000 ಕೋಟಿ ರೂಪಾಯಿಯ ಯೋಜನೆ. ಪ್ರಯೋಗಾಲಯಗಳು ಬೆಳೆದವು. ಜನರನ್ನು ಕೇಳುವ ಕೆಲಸ ಹಿಂದೆ ಬಿತ್ತು.

ರಸಗೊಬ್ಬರ ಸಹಕಾರಿ ಸಂಸ್ಥೆ ಇಫ್ಕೊ 2021ರಲ್ಲಿ ನ್ಯಾನೊ ಯೂರಿಯಾವನ್ನು 240 ರೂಪಾಯಿಗೆ ತಂದಾಗ ಜನರ ಉತ್ತರ ತಾನಾಗಿ ಬಂತು. ಒಂದು ಬಾಟಲಿ ಒಂದು ಚೀಲಕ್ಕೆ ಸಮ ಎಂಬುದು ಪ್ರಚಾರ. ಲೆಕ್ಕ ಹಾಕಿದರೆ, 45 ಕೆ.ಜಿ. ಚೀಲದಲ್ಲಿ ಸಾರಜನಕ 20 ಕೆ.ಜಿ.ಗಿಂತ ತುಸು ಹೆಚ್ಚು; ಶೇ 4ರ ಆ ಬಾಟಲಿಯಲ್ಲಿ ಸುಮಾರು 20 ಗ್ರಾಂ. ಎಲೆಯ ಮೂಲಕ ಹೀರಿಕೆ ಚೆನ್ನಾಗಿ ಆಗುತ್ತದೆ ಎಂಬ ಸಮಜಾಯಿಷಿಯಿದೆ, ಆದರೆ ಸಾವಿರ ಪಟ್ಟಿನ ಅಂತರವನ್ನು ಅದು ತುಂಬಬಲ್ಲದೆಂದು ನನಗನಿಸುವುದಿಲ್ಲ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷಗಳ ಪ್ರಯೋಗದಲ್ಲಿ ಶಿಫಾರಸು ಮಾಡಿದ ಸಾರಜನಕದ ಪಾಲನ್ನು ಕಡಿಮೆ ಮಾಡಿ ಬಾಟಲಿ ಸಿಂಪಡಿಸಿದಾಗ ಭತ್ತದ ಇಳುವರಿ ಶೇ 13ರಷ್ಟು ಕುಸಿದಿತ್ತು. 2024ರಲ್ಲಿ ಸಾರಜನಕದ ಪ್ರಮಾಣ ಹೆಚ್ಚಿಸಿದ ‘ನ್ಯಾನೊ ಯೂರಿಯಾ ಪ್ಲಸ್’ ಬಂತು.

ಬೆಳೆಗೆ ತಕ್ಕಂತೆ ನೋಟವೂ ಬೇರೆಯಾಗುತ್ತದೆ. ಮೆಣಸಿನಕಾಯಿಗೆ ಹೇಗೂ ಪದೇ ಪದೇ ಎಣ್ಣೆ ಹೊಡೆಯಬೇಕು. ಜೊತೆಗೆ ಇನ್ನೊಂದು ಬಾಟಲಿ ಸೇರಿದರೆ ದೊಡ್ಡ ಭಾರವಲ್ಲ. ಭತ್ತಕ್ಕೆ ಯೂರಿಯಾ ಉಗ್ಗಿ ರೂಢಿಯಾದವನಿಗೆ ಅದೇ ಬಾಟಲಿ ಹೆಚ್ಚುವರಿ ಆಳು, ಹೆಚ್ಚುವರಿ ಖರ್ಚು. 2025ರ ಮುಂಗಾರಿನಲ್ಲಿ ಪಕ್ಕದ ಕೊಪ್ಪಳವೂ ಸೇರಿ ರಾಜ್ಯದ ಹಲವೆಡೆ ರೈತರು ಯೂರಿಯಾಕ್ಕೆ ಪಾಳಿ ಹಚ್ಚಿದರು. ಚೀಲ ಬೇಕಿದ್ದರೆ ಬಾಟಲಿಯನ್ನೂ ಒಯ್ಯಬೇಕೆಂಬ ‘ಲಿಂಕ್’ ಮಾರಾಟದ ದೂರು ದೇಶದ ಉದ್ದಗಲಕ್ಕೂ ಕೇಳಿಬರುತ್ತಿದೆ. ಹೀಗೆ ಗಂಟುಹಾಕಿ ಮಾರಿದ ವಸ್ತುವನ್ನು ಯಾರು ತಾನೇ ನಂಬಿಯಾರು?

ಹೀಗಾಗಿ ಇಲ್ಲಿನ ಅನುಮಾನದ ಗುರಿ ನ್ಯಾನೊಕಣವಲ್ಲ, ಮಾರುವವರು. ರಾಯಲ್ ಸೊಸೈಟಿ ಎತ್ತಿದ ಪ್ರಶ್ನೆ ಇದರಲ್ಲಿ ಮರೆಯಾಗಿದೆ. ಕೃಷಿ ಮತ್ತು ಆಹಾರದ ನ್ಯಾನೊ ಉತ್ಪನ್ನಗಳ ಸುರಕ್ಷತೆಯನ್ನು ಅಳೆಯಲು ಕೇಂದ್ರ ಸರ್ಕಾರ 2020ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಮೂಗಿಗೆ ಟವೆಲ್ ಕಟ್ಟಿಕೊಂಡು ಪಂಪು ಹೊತ್ತು ಸಿಂಪಡಿಸುವ ಕೂಲಿಯಾಳಿಗೆ ಅದರ ಸಾರವನ್ನು ಕನ್ನಡದಲ್ಲಿ ಹೇಳುವ ಕೆಲಸ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಿರುಗುಪ್ಪ ಸಂಶೋಧನಾ ಕೇಂದ್ರದಂಥ ಕಡೆಯಿಂದಲೇ ಶುರುವಾಗಬಹುದು.