ಒಲೆಯ ಬಳಿಯ ಬುಟ್ಟಿ: ಕೊಡಗಿನ ಮನೆಗಳಲ್ಲಿ ಕೋಳಿಮರಿಯ ಆರೈಕೆ

ಕೊಡಗಿನ ಚರಿತ್ರೆಯೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಹಾಲೇರಿ ಅರಸರು, ಮಡಿಕೇರಿಯ ಕೋಟೆ, 1834ರಲ್ಲಿ ರಾಜ್ಯವು ಬ್ರಿಟಿಷರ ಕೈಸೇರಿದ ಪ್ರಸಂಗ, ಅದರ ಬೆನ್ನಿಗೆ ಬೆಟ್ಟಗಳನ್ನು ಆವರಿಸಿದ ಕಾಫಿ. ಅರಸರ ಕಥೆಯನ್ನು 1808ರ ‘ರಾಜೇಂದ್ರನಾಮೆ’ ಹೇಳುತ್ತದೆ. ಜನರ ಹಾಡು, ಆಚಾರ, ಗಾದೆಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು 1924ರ ‘ಪಟ್ಟೋಲೆ ಪಳಮೆ’ಯಲ್ಲಿ ಕಾಪಿಟ್ಟರು. ಆದರೆ ಒಲೆಯ ಬಳಿ, ಬಿದಿರ ಬುಟ್ಟಿಯೊಳಗೆ, ರೆಕ್ಕೆ ಜೋಲುಬಿಟ್ಟು ತೂಕಡಿಸುವ ಕೋಳಿಮರಿಯೊಂದನ್ನು ಬದುಕಿಸಿಕೊಂಡ ವಿದ್ಯೆಗೂ ಒಂದು ಚರಿತ್ರೆಯುಂಟು. ಅದನ್ನು ಬರೆದಿಟ್ಟವರು ಕಡಮೆ. ನಡೆಸಿಕೊಂಡು ಬಂದವರು ಬಹುಮಟ್ಟಿಗೆ ಮನೆಯ ಹೆಂಗಸರು.

ವಿಷಯ ಅಲ್ಪವೆಂದು ತೋರಬಹುದು. ಆದರೆ ಹಿರಿಯ ಕಾರಣರಿಗೆ ಎಡೆಯಿಡುವಾಗ, ನೆಂಟರು ಬಂದಾಗ, ಕಕ್ಕಡ ತಿಂಗಳ ಜಡಿಮಳೆಯಲ್ಲಿ ಮೈ ಬೆಚ್ಚಗಾಗಬೇಕೆಂದಾಗ, ಕೊಡಗಿನ ಮನೆಗೆ ಅಂಗಳದ ಕೋಳಿಯೇ ಬೇಕು. ತೋಟ ಗದ್ದೆಗಳ ಲೆಕ್ಕ ಗಂಡಸರ ಕೈಯಲ್ಲಿದ್ದರೂ, ಮೊಟ್ಟೆ ಮಾರಿ ಬಂದ ನಾಲ್ಕು ಕಾಸು ಮನೆಯಾಕೆಯದೇ. ಒಂದು ಮರಿ ಸತ್ತರೆ ಆ ಪುಟ್ಟ ಗಂಟಿನಲ್ಲಿ ಅಷ್ಟು ಕೊರತೆ.

ಕೊಡಗಿನಲ್ಲಿ ಮರಿಗೆ ಮೊದಲ ಶತ್ರು ಮಳೆಗಾಲ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರು ಎತ್ತರದಲ್ಲಿರುವ ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಮೊಟ್ಟೆಯೊಡೆದು ಬಂದ ಮರಿಗೆ ತನ್ನ ಮೈಯ ಶಾಖವನ್ನು ತಾನೇ ಉಳಿಸಿಕೊಳ್ಳುವ ಶಕ್ತಿಯಿಲ್ಲ. ಗರಿ ಬಲಿಯುವ ಮೂರು ನಾಲ್ಕು ವಾರಗಳವರೆಗೂ ಅದಕ್ಕೆ ಹೇಂಟೆಯ ರೆಕ್ಕೆಯ ಆಸರೆ ಬೇಕು. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು ಎನ್ನುತ್ತದೆ ಇಂದಿನ ಕೋಳಿಸಾಕಣೆ ಶಾಸ್ತ್ರ. ಉಷ್ಣಮಾಪಕವನ್ನು ಕಾಣದ ಅಜ್ಜಿಯರು ಬುಟ್ಟಿಯನ್ನು ಒಲೆಗೆ ಹತ್ತಿರ ಸರಿಸಿ, ದೂರ ಸರಿಸಿ ಇದನ್ನೇ ಮಾಡುತ್ತಿದ್ದರು. ಮರಿಗಳು ಒಂದರ ಮೇಲೊಂದು ಬಿದ್ದು ಚೀರಿದರೆ ಚಳಿ. ಬಾಯಿ ತೆರೆದು ದೂರ ಹೋಗಿ ಕುಳಿತರೆ ಸೆಕೆ. ಮರಿಯೇ ಅವರ ಮಾಪಕ.

ಕನ್ನಡದಲ್ಲಿ ಬಿಸಿಗೂ ಕಾವು, ಹೇಂಟೆ ಮೊಟ್ಟೆಯ ಮೇಲೆ ಕೂರುವುದಕ್ಕೂ ಕಾವು. ಬಿಸಿಯಾಗುವುದೂ ಕಾಯುವುದೇ, ರಕ್ಷಿಸುವುದೂ ಕಾಯುವುದೇ. ಭಾಷಾಶಾಸ್ತ್ರಜ್ಞರು ಇವೆರಡಕ್ಕೂ ಬೇರೆ ಬೇರೆ ಧಾತುಗಳನ್ನು ಹೇಳಬಹುದು. ಹೇಂಟೆಯ ರೆಕ್ಕೆಯಡಿಯಲ್ಲಂತೂ ಎರಡೂ ಒಂದೇ.

ಎರಡನೆಯ ಶತ್ರು ತೇವ. ಮರಿಗಳ ರಕ್ತಭೇದಿಗೆ ಕಾರಣವಾದ ಸೂಕ್ಷ್ಮಜೀವಿಯು ಹಿಕ್ಕೆಯೊಡನೆ ಹೊರಬಿದ್ದು, ನೆಲ ಒದ್ದೆಯಾಗಿಯೂ ಬೆಚ್ಚಗೂ ಇದ್ದಲ್ಲಿ ಬಲಿತು, ಮೇವಿನೊಡನೆ ಮತ್ತೆ ಮರಿಯ ಹೊಟ್ಟೆ ಸೇರುತ್ತದೆ. ಬುಟ್ಟಿಯ ತಳದ ಹೊಟ್ಟನ್ನು ದಿನವೂ ಬದಲಿಸುವುದು, ಕಾಯಿಲೆಯ ಮರಿಯನ್ನು ಬೇರೆ ಇಡುವುದು, ಶುದ್ಧವಾದ ನೀರನ್ನು ಕೊಕ್ಕಿಗೆ ಮುಟ್ಟಿಸುವುದು, ನುಣ್ಣನೆಯ ನುಚ್ಚು ಹಾಕುವುದು, ಇವೆಲ್ಲ ಬರಿಯ ಅಕ್ಕರೆಯಲ್ಲ, ಚಿಕಿತ್ಸೆಯ ಅರ್ಧ ಭಾಗ.

ಆದರೆ ಈ ಮನೆವಿದ್ಯೆಗೆ ಒಂದು ಎಲ್ಲೆಯಿತ್ತು. ಅದೇ ಕೊಕ್ಕರೆ ರೋಗ. ಹಸಿರು ಭೇದಿ, ಏದುಸಿರು, ತಿರುಚಿದ ಕತ್ತು. ನಾಲ್ಕಾರು ದಿನಗಳಲ್ಲಿ ಕೇರಿಯ ಕೋಳಿಗೂಡುಗಳೆಲ್ಲ ಬರಿದು. ಅರಿಸಿನ, ಮೆಣಸು, ಬೆಳ್ಳುಳ್ಳಿ, ಹರಕೆ ಯಾವುದೂ ಇದನ್ನು ತಡೆಯಲಾರದು. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಗುರುತಿಸಲ್ಪಟ್ಟ ಈ ವೈರಾಣು ರೋಗವು, ಅದೇ ದಶಕದ ಕೊನೆಯಲ್ಲಿ ಕುಮಾವೂನಿನ ರಾಣಿಖೇತದಲ್ಲಿ ಕಂಡುಬಂದು, ಭಾರತದಲ್ಲಿ ಆ ಊರಿನ ಹೆಸರನ್ನೇ ಹೊತ್ತಿತು. ಔಷಧವಿಲ್ಲದ ಈ ರೋಗಕ್ಕೆ ಲಸಿಕೆಯೊಂದೇ ದಾರಿ. ಲಸಿಕೆಯ ವಿದ್ಯೆಯಾದರೂ ಕೋಳಿಯ ಋಣದಲ್ಲಿದೆ: ಲೂಯಿ ಪಾಶ್ಚರನು 1879–80ರಲ್ಲಿ ರೋಗಾಣುವಿನ ಉಗ್ರತೆಯನ್ನು ಪ್ರಯೋಗಾಲಯದಲ್ಲಿ ತಗ್ಗಿಸಿ ರಕ್ಷಣೆ ಪಡೆಯಬಹುದೆಂದು ಕಂಡದ್ದು ಕೋಳಿಗಳ ಕಾಲರಾದಲ್ಲಿಯೇ. ರಾಣಿಖೇತಕ್ಕೆ ಸಮೀಪದ ಮುಕ್ತೇಶ್ವರದ ಸಂಸ್ಥೆಯಲ್ಲಿ 1940ರ ದಶಕದಲ್ಲಿ ನಮ್ಮ ದೇಶದ ಲಸಿಕೆ ಸಿದ್ಧವಾಯಿತು.

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿತು; ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ವಿದ್ಯೆ ಕೊಡಗಿಗೂ ತನ್ನದಾಯಿತು. ಅಲ್ಲಿನ ವಿಜ್ಞಾನಿಗಳು ಹಿತ್ತಿಲಲ್ಲಿ ಸಾಕಲೆಂದೇ ರೂಪಿಸಿದ ಗಿರಿರಾಜ ತಳಿ 1989ರಲ್ಲಿ ಬಂದಿತು. ಮರಿಗೆ ವಾರ ತುಂಬುವ ಹೊತ್ತಿಗೆ ಕಣ್ಣಿಗೋ ಮೂಗಿಗೋ ಒಂದು ತೊಟ್ಟು, ಮುಂದೆ ಎರಡು ತಿಂಗಳಿನ ಆಸುಪಾಸಿನಲ್ಲಿ ಒಂದು ಚುಚ್ಚುಮದ್ದು: ಇಷ್ಟರಿಂದ ಕೊಕ್ಕರೆ ರೋಗವನ್ನು ದೂರವಿಡಬಹುದು.

ಹಾಗಾದರೂ ಅಂಗಳದ ಕೋಳಿಗಳು ಇಂದಿಗೂ ಸಾಯುತ್ತವೆ, ಏಕೆ? ಲಸಿಕೆಯ ಸೀಸೆ ನೂರಾರು ಕೋಳಿಗಳ ಲೆಕ್ಕದ್ದು. ಮನೆಯಲ್ಲಿರುವ ಮರಿಗಳು ಹತ್ತು. ಸೀಸೆ ಮಂಜುಗಡ್ಡೆಯ ತಂಪಿನಲ್ಲಿಯೇ ಬರಬೇಕು, ಒಡೆದ ಮೇಲೆ ಒಂದೆರಡು ಗಂಟೆಗಳಲ್ಲಿ ಮುಗಿಯಬೇಕು. ತೋಟದ ನಡುವೆ ಒಂಟಿಯಾಗಿ ನಿಂತ ಕೊಡಗಿನ ಮನೆಗೆ ಇದು ಸುಲಭವಲ್ಲ. ಬದಲಿಗೆ ಕೆಲವರು ಮನುಷ್ಯರಿಗೆಂದು ತಂದ ಮಾತ್ರೆಯನ್ನೇ ಮರಿಯ ನೀರಿಗೆ ಪುಡಿಮಾಡಿ ಹಾಕುವರು. ವೈರಾಣುವಿನ ಮೇಲೆ ಆ್ಯಂಟಿಬಯಾಟಿಕ್ ನಡೆಯದು. ಅದರ ದುರ್ಬಳಕೆಯಿಂದ ಮದ್ದಿಗೆ ಬಗ್ಗದ ರೋಗಾಣುಗಳು ಬೆಳೆದು ನಾಳೆ ಮನುಷ್ಯರನ್ನೇ ಕಾಡುತ್ತವೆ. ಈ ಭಯದಿಂದಲೇ ಕೇಂದ್ರ ಸರ್ಕಾರವು 2019ರ ಜುಲೈನಲ್ಲಿ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ನಿಷೇಧಿಸಿತು.

ಸಾವಿರ ಕೋಳಿಗಳ ಸಾಕಣೆಮನೆಯಲ್ಲಿ ಸೊರಗಿದ ಒಂದು ಮರಿಯು ನಷ್ಟದ ಪಟ್ಟಿಯಲ್ಲಿನ ಒಂದು ಅಂಕಿ. ಮನೆಯಲ್ಲಿ ಹಾಗಲ್ಲ, ಅಲ್ಲಿ ಅದೊಂದೇ ಮರಿ ಇಡೀ ಸಂಜೆಯ ಕಾಳಜಿ. ಆ ಕಾಳಜಿ ವ್ಯರ್ಥವಾಗದಿರಬೇಕಾದರೆ ಬುಟ್ಟಿ ಒಲೆಯ ಬಳಿಯೇ ಇರಲಿ. ನೆರೆಯ ನಾಲ್ಕು ಮನೆಗಳವರು ತಮ್ಮ ಮರಿಗಳನ್ನು ಒಂದೇ ದಿನ, ಒಂದೇ ಅಂಗಳಕ್ಕೆ ತಂದು, ಒಂದು ಸೀಸೆಯನ್ನು ಹಂಚಿಕೊಳ್ಳಲಿ. ಹಬ್ಬಕ್ಕೆ ಒಂದೆಡೆ ಕೂಡುವ ನಾಡಿನವರಿಗೆ ಇದಕ್ಕಾಗಿ ಕೂಡುವುದು ಕಷ್ಟವಾಗಬಾರದು.