ಬೀಗ ಹಾಕಿದ್ದು ಯಾರಿಗೆ? ಮತದಾರರ ಪಟ್ಟಿ ಮತ್ತು ‘ವಿದೇಶಿ ಕೈ’ಯ ಕತೆ

 

ನಮ್ಮ ಮತದಾರರ ಪಟ್ಟಿ ಮೇಲೆ ಹೊರದೇಶದವರ ಕಣ್ಣು ಬಿದ್ದಿದೆ, ಅದಕ್ಕೇ ಬಿಗಿ ಮಾಡಿದ್ದೀವಿ ಅಂತ ಅಧಿಕಾರದಲ್ಲಿರೋರು ಹೇಳಿದಾಗಲೆಲ್ಲ ನಾನು ಕೇಳೋದು ಒಂದೇ ಪ್ರಶ್ನೆ. ಬಿಗಿ ಮಾಡಿದ ಮೇಲೆ ಆ ಪಟ್ಟಿ ಯಾರ ಕೈ ತಪ್ಪಿತು? ಹೊರದೇಶದವನ ಕೈಯೋ, ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಕೂತಿರೋ ನನ್ನಂಥವನ ಕೈಯೋ?

ಈ ಪ್ರಶ್ನೆ ಗಾಳಿಯಲ್ಲಿ ಹುಟ್ಟಿದ್ದಲ್ಲ. 2018ರ ಜನವರಿ ನೆನಪಿಸಿಕೊಳ್ಳಿ. ಕರ್ನಾಟಕದ ವಿಧಾನಸಭಾ ಚುನಾವಣೆಗೆ ನಾಲ್ಕು ತಿಂಗಳು ಬಾಕಿ ಇತ್ತು. ಚುನಾವಣಾ ಆಯೋಗ ಎಲ್ಲ ರಾಜ್ಯಗಳಿಗೂ ಒಂದು ಸೂಚನೆ ಕೊಟ್ಟಿತು: ವೆಬ್‌ಸೈಟಿಗೆ ಹಾಕುವ ಮತದಾರರ ಪಟ್ಟಿ ಇನ್ನು ಮುಂದೆ ಚಿತ್ರದ ರೂಪದ ಪಿಡಿಎಫ್ ಆಗಿರಬೇಕು. ಅಂದ್ರೆ ಪುಟದ ಫೋಟೋ ತೆಗೆದು ಹಾಕಿದ ಹಾಗೆ. ಕಣ್ಣಲ್ಲಿ ಓದಬಹುದು, ಕಂಪ್ಯೂಟರಿನಲ್ಲಿ ಹೆಸರು ಹಾಕಿ ಹುಡುಕೋಕೆ ಆಗಲ್ಲ. ಹೋದ ವರ್ಷದ ಪಟ್ಟಿ, ಈ ವರ್ಷದ ಪಟ್ಟಿ ಪಕ್ಕಪಕ್ಕ ಇಟ್ಟು ಯಾರು ಬಿಟ್ಟುಹೋದರು ಅಂತ ಒಂದೇ ಏಟಿಗೆ ತೆಗೆಯೋಕೂ ಆಗಲ್ಲ. ಕಾರಣ ಏನು? ಆ ವರ್ಷ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಓ.ಪಿ. ರಾವತ್ ಅವರು ಪತ್ರಿಕೆಗೆ ಕೊಟ್ಟ ಕಾರಣ, ನಮ್ಮ ಜನರ ಪೂರ್ತಿ ಹೆಸರು-ವಿಳಾಸವನ್ನು ಯಾವುದೋ ಹೊರದೇಶ ಸಂಗ್ರಹಿಸಿಟ್ಟುಕೊಳ್ಳದಂತೆ ತಡೆಯೋದು.

ಕೇಳೋಕೆ ಸರಿಯಾಗೇ ಇದೆ. ಆದರೆ ಅದೇ ವರ್ಷ ಮಧ್ಯಪ್ರದೇಶದ ಪಟ್ಟಿ ವಿಚಾರಕ್ಕೆ ಕಮಲ್‌ನಾಥ್ ಸುಪ್ರೀಂ ಕೋರ್ಟಿಗೆ ಹೋದರು. ಹುಡುಕಬಹುದಾದ ರೂಪದಲ್ಲೇ ಪಟ್ಟಿ ಕೊಡಿ ಅಂತ ಕೇಳಿದರು. ಅಕ್ಟೋಬರಿನಲ್ಲಿ ಕೋರ್ಟು ಅರ್ಜಿ ವಜಾ ಮಾಡಿತು. ಬೇಕಿದ್ದರೆ ಅರ್ಜಿದಾರರೇ ಶ್ರಮಪಟ್ಟು ಆ ರೂಪಕ್ಕೆ ಬದಲಾಯಿಸಿಕೊಳ್ಳಬಹುದು ಅಂತಲೂ ಹೇಳಿತು. ಇಲ್ಲಿ ಒಂದು ನಿಮಿಷ ನಿಲ್ಲಿ. ಶ್ರಮಪಟ್ಟರೆ ಬದಲಾಯಿಸಬಹುದು ಅಂದ ಮೇಲೆ, ಸಾವಿರಾರು ಎಂಜಿನಿಯರುಗಳನ್ನ ಸಾಕಿಕೊಂಡ ಹೊರದೇಶದ ಸರ್ಕಾರಕ್ಕೆ ಅದು ಯಾವ ಲೆಕ್ಕ? ಈ ಬೀಗ ಅವರನ್ನ ತಡೆಯಲ್ಲ. ತಡೆಯೋದು ಸಂಜೆ ಕೆಲಸ ಮುಗಿಸಿ ಬಂದು ಎರಡು ಬೂತಿನ ಪಟ್ಟಿ ನೋಡೋಣ ಅಂತ ಕೂರೋ ಹುಡುಗರನ್ನ.

ಬೀಗ ಬಿದ್ದ ಹೊತ್ತು ಕೂಡ ಗಮನಿಸಿ. 2018ರಲ್ಲೇ ಕರ್ನಾಟಕದ ಪಟ್ಟಿಯನ್ನ ಕಂಪ್ಯೂಟರಿಗೆ ಹಾಕಿ ಜಾಲಾಡುವ ಕೆಲಸ ನಡೆದಿತ್ತು. ಸಾಚಾರ್ ಸಮಿತಿಯ ಸದಸ್ಯ-ಕಾರ್ಯದರ್ಶಿಯಾಗಿದ್ದ ಅರ್ಥಶಾಸ್ತ್ರಜ್ಞ ಅಬುಸಾಲೆ ಷರೀಫ್ ಅವರ ತಂಡ, ಒಂದು ಮನೆಯಲ್ಲಿ ಒಬ್ಬರದೇ ಹೆಸರಿರುವ ನಮೂದುಗಳನ್ನ ಹುಡುಕಿ, ರಾಜ್ಯದಲ್ಲಿ ಲಕ್ಷಾಂತರ ಮುಸ್ಲಿಂ ಮತದಾರರು ಪಟ್ಟಿಯಲ್ಲೇ ಇಲ್ಲ ಅಂತ ಅಂದಾಜು ಕೊಟ್ಟಿತು. ಆ ಅಂದಾಜಿನ ಬಗ್ಗೆ ವಾದ ಮಾಡೋರು ಮಾಡಲಿ. ಪಟ್ಟಿ ತೆರೆದಿದ್ದರೆ ವಾದಾನಾದ್ರೂ ಮಾಡಬಹುದು. ಮುಚ್ಚಿದರೆ ಅದಕ್ಕೂ ದಾರಿ ಇಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಪಟ್ಟಿಯಿಂದ ನಮ್ಮನ್ನ ಹೊರಗಿಡೋಕೆ ಈ ನೆಲದಲ್ಲಿ ಹೊರದೇಶದ ಹ್ಯಾಕರ್ ಯಾವತ್ತೂ ಬೇಕಾಗಿರಲಿಲ್ಲ. 1881ರಲ್ಲಿ ಇದೇ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯ್ತು. ಹೆಮ್ಮೆಯ ವಿಷಯ ಅಂತ ಪಠ್ಯಪುಸ್ತಕದಲ್ಲಿ ಓದಿದ್ದೀವಿ. ಆ ಸಭೆಗೆ ಬಂದವರು ಭೂಮಾಲೀಕರು, ವರ್ತಕರು. ಹತ್ತು ವರ್ಷ ಕಳೆದು ಚುನಾವಣೆ ಬಂದಾಗಲೂ ಕಂದಾಯ ಕಟ್ಟೋರಿಗೆ, ಆಸ್ತಿ ಇದ್ದೋರಿಗೆ, ಪದವಿ ಪಡೆದೋರಿಗೆ ಓಟು. ಹೊಲ ಇಲ್ಲದ, ಶಾಲೆಯ ಮೆಟ್ಟಿಲು ಹತ್ತೋಕೆ ಬಿಡದ ಜನಕ್ಕೆ ‘ನಿಮಗೆ ಓಟಿಲ್ಲ’ ಅಂತ ಬಾಯಿಬಿಟ್ಟು ಹೇಳೋ ಅಗತ್ಯವೇ ಬರಲಿಲ್ಲ. ಅರ್ಹತೆಯ ಕಾಲಂ ಆ ಕೆಲಸ ಮಾಡಿ ಮುಗಿಸಿತ್ತು.

1919ರ ಜನವರಿಯಲ್ಲಿ ಇನ್ನೂ ಮೂವತ್ತು ತುಂಬದ ಅಂಬೇಡ್ಕರ್ ಸೌತ್‌ಬರೋ ಸಮಿತಿಯ ಮುಂದೆ ನಿಂತು ಕೇಳಿದ್ದು ಇದನ್ನೇ. ಅಸ್ಪೃಶ್ಯರಿಗೆ ಓಟಿನ ಅರ್ಹತೆಯನ್ನ ಕೆಳಗಿಳಿಸಿ, ಇಲ್ಲದಿದ್ದರೆ ಪ್ರಾತಿನಿಧ್ಯ ಅನ್ನೋ ಮಾತು ಬರೀ ಮಾತಾಗುತ್ತೆ ಅಂತ. ಮೂವತ್ತು ವರ್ಷ ಆದ ಮೇಲೆ, 1949ರ ಜೂನ್ 15ರಂದು, ಸಂವಿಧಾನ ಸಭೆಯಲ್ಲಿ ಚುನಾವಣಾ ಆಯೋಗದ ವಿಧಿ ಮಂಡಿಸಿದ್ದೂ ಅವರೇ. ಕರಡಿನಲ್ಲಿ ಆಗ ಅದು 289ನೇ ವಿಧಿ, ಇವತ್ತು 324. ಆ ದಿನ ಅವರು ಕೊಟ್ಟ ಕಾರಣ ನಮ್ಮವರಲ್ಲಿ ಬಹಳ ಜನ ಓದಿಲ್ಲ. ಕೆಲವು ಪ್ರಾಂತ್ಯಗಳ ಸರ್ಕಾರಗಳು ಜನಾಂಗ, ಸಂಸ್ಕೃತಿ, ಭಾಷೆಯಲ್ಲಿ ತಮ್ಮವರಲ್ಲ ಅನಿಸಿದವರನ್ನ ಮತದಾರರ ಪಟ್ಟಿಗೇ ಬಾರದ ಹಾಗೆ ಮಾಡ್ತಿವೆ ಅಂತ ದೂರು ಬಂದಿದೆ. ಸ್ಥಳೀಯ ಸರ್ಕಾರದ ಪೂರ್ವಗ್ರಹಕ್ಕೋ ಒಬ್ಬ ಅಧಿಕಾರಿಯ ಮರ್ಜಿಗೋ ಯಾರೂ ಓಟು ಕಳೆದುಕೊಳ್ಳಬಾರದು ಅನ್ನೋದು ಅವರ ವಾದದ ತಿರುಳು. ಅದಕ್ಕೇ ಪಟ್ಟಿಯ ಉಸ್ತುವಾರಿಯನ್ನ ರಾಜ್ಯಗಳ ಕೈಯಿಂದ ತೆಗೆದು ಕೇಂದ್ರದ ಒಂದೇ ಆಯೋಗಕ್ಕೆ ಕೊಟ್ಟರು. ನೆನಪಿಡಿ: ಬಾಬಾಸಾಹೇಬರು ಈ ಆಯೋಗ ಕಟ್ಟಿದ್ದು ಹೊರಗಿನ ಶತ್ರುವಿಗೆ ಹೆದರಿ ಅಲ್ಲ, ಒಳಗಿನ ಗುಮಾಸ್ತನ ಪೆನ್ನಿಗೆ ಹೆದರಿ.

ಆ ಪೆನ್ನು ಸುಮ್ಮನಿರಲಿಲ್ಲ. 1951-52ರ ಮೊದಲ ಚುನಾವಣೆಗೆ 17 ಕೋಟಿ 32 ಲಕ್ಷ ಮತದಾರರ ಪಟ್ಟಿ ಆಯ್ತು, ಜಗತ್ತೇ ಬೆರಗಾಯ್ತು. ಅದರ ಜೊತೆಗೇ ಸುಮಾರು 28 ಲಕ್ಷ ಹೆಣ್ಣುಮಕ್ಕಳ ಹೆಸರು ಹೊಡೆದುಹಾಕಲಾಯ್ತು, ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಅಂತ ಬರೆಸಿದ್ದಕ್ಕೆ. 1990ರ ದಶಕದ ಶುರುವಿನಲ್ಲಿ ದೆಹಲಿ, ಮುಂಬೈನ ಕೊಳೆಗೇರಿಗಳ ಬಡವರಿಗೆ ‘ನೀವು ವಿದೇಶಿಯರು ಅನ್ನೋ ಅನುಮಾನ ಇದೆ, ಪೌರತ್ವ ಸಾಬೀತು ಮಾಡಿ’ ಅಂತ ಸಗಟಾಗಿ ನೋಟಿಸ್ ಬಂತು. ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರ ಫೆಬ್ರವರಿಯಲ್ಲಿ ಅದಕ್ಕೆ ತಡೆಗೋಡೆ ಹಾಕಿತು. ಈಗಾಗಲೇ ಪಟ್ಟಿಯಲ್ಲಿರೋ ಹೆಸರು ಸರಿಯಾಗೇ ಸೇರಿದೆ ಅಂತ ಭಾವಿಸಿಯೇ ಶುರು ಮಾಡಬೇಕು, ತೆಗೆಯೋ ಮುಂಚೆ ಅವರ ಮಾತು ಕೇಳಬೇಕು ಅಂದಿತು. ‘ವಿದೇಶಿ’ ಅನ್ನೋ ಪದ ಎಲ್ಲಿ ಹೋಗಿ ಬೀಳುತ್ತೆ ನೋಡಿದ್ರಾ? ಗುಡಿಸಲಿನ ಬಾಗಿಲ ಮೇಲೆ.

ಹಾಗಾದ್ರೆ ಹೊರದೇಶದ ಹ್ಯಾಕಿಂಗ್ ಬರೀ ಸುಳ್ಳಾ? ಅಲ್ಲ. 2016ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಮತದಾರರ ದತ್ತಾಂಶಕ್ಕೆ ನಿಜವಾಗಿಯೂ ಕನ್ನ ಬಿತ್ತು. ಅದನ್ನ ನಾವು ಯಾಕೆ ನಂಬಬಹುದು ಅಂದ್ರೆ, 2018ರ ಜುಲೈನಲ್ಲಿ ಅಲ್ಲಿ ರಷ್ಯಾದ 12 ಮಂದಿ ಸೇನಾ ಗೂಢಚಾರರ ಹೆಸರು ಹಾಕಿ, ವಿಧಾನ ವಿವರಿಸಿ ದೋಷಾರೋಪ ಹೊರಿಸಿದರು. ಅದೇ ಅಮೆರಿಕದಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಒಕ್ಕೂಟ ಸರ್ಕಾರ 21 ರಾಜ್ಯಗಳಿಗೆ ‘ರಷ್ಯನ್ನರು ನಿಮ್ಮ ಚುನಾವಣಾ ವ್ಯವಸ್ಥೆಗೆ ಗುರಿಯಿಟ್ಟಿದ್ದರು’ ಅಂತ ತಿಳಿಸಿತು. ಕೆಲವೇ ದಿನದಲ್ಲಿ ಕ್ಯಾಲಿಫೋರ್ನಿಯಾ ಎದ್ದು, ಆ ಮಾಹಿತಿ ತಪ್ಪು, ಅವರು ತಡಕಾಡಿದ್ದು ಬೇರೊಂದು ಇಲಾಖೆಯ ಜಾಲವನ್ನ ಅಂದಿತು. ಇಂಗ್ಲೆಂಡಿನಲ್ಲಿ 2016ರ ಜೂನ್ 7ರ ರಾತ್ರಿ ಮತದಾರರ ನೋಂದಣಿ ವೆಬ್‌ಸೈಟ್ ಕುಸಿಯಿತು. ಹೊರಗಿನವರ ದಾಳಿ ಇದ್ದರೂ ಇರಬಹುದು ಅಂತ ಸಂಸದರ ಸಮಿತಿ ಮರುವರ್ಷ ಬರೆಯಿತು. ಟಿವಿ ಚರ್ಚೆ ಮುಗಿದ ಕೂಡಲೇ ಜನ ಒಟ್ಟಿಗೆ ನುಗ್ಗಿದ್ದಕ್ಕೆ ಹಾಗಾಯ್ತು ಅಂತ ಅಲ್ಲಿನ ಸರ್ಕಾರವೇ ಹೇಳಿತು. ಫಿಲಿಪ್ಪೀನ್ಸಿನಲ್ಲಿ ಅದೇ ವರ್ಷ ಸುಮಾರು ಐದೂವರೆ ಕೋಟಿ ಮತದಾರರ ಮಾಹಿತಿ ಸೋರಿತು. ಪೊಲೀಸರು ಮೊದಲು ಹಿಡಿದದ್ದು ಮನಿಲಾದಲ್ಲೇ ಇದ್ದ ಓದಿದ ಹುಡುಗನೊಬ್ಬನನ್ನ.

ಈ ಎಲ್ಲದರಿಂದ ನನಗೆ ತಿಳಿದದ್ದು ಇಷ್ಟು. ಹೊರದೇಶದ ದಾಳಿ ಆಗಿದ್ದರೆ ದಿನಾಂಕ ಇರುತ್ತೆ, ದಾರಿ ಇರುತ್ತೆ, ದಾಖಲೆ ಇರುತ್ತೆ. ಅವನ್ನ ಮುಂದಿಟ್ಟರೆ ನಂಬೋಣ. ‘ದೇಶದ ಭದ್ರತೆ, ಹೇಳೋಕೆ ಆಗಲ್ಲ’ ಅಂದರೆ ಅಷ್ಟು ಹೊತ್ತು ಅನುಮಾನ ಇಟ್ಟುಕೊಳ್ಳೋದು ನಾಗರಿಕನ ಕೆಲಸ.

ಈಗ ನಮ್ಮ ರಾಜ್ಯಕ್ಕೆ ಬನ್ನಿ. ಪಟ್ಟಿಗೆ ಬೀಗ ಹಾಕಿ ನಾಲ್ಕು ವರ್ಷ ಆಗಿತ್ತು. 2022ರ ನವೆಂಬರ್‌ನಲ್ಲಿ ಪತ್ರಕರ್ತರು ‘ಚಿಲುಮೆ’ ಹಗರಣ ಹೊರಗೆ ತಂದರು. ಬೆಂಗಳೂರಿನಲ್ಲಿ ಮತದಾರರ ಜಾಗೃತಿ ಮಾಡ್ತೀವಿ ಅಂತ ಒಂದು ಸಂಸ್ಥೆ ಬಿಬಿಎಂಪಿಯಿಂದ ಅನುಮತಿ ಪಡೆದಿತ್ತು. ಅದರ ಕಡೆಯವರು ಬೂತ್ ಮಟ್ಟದ ಅಧಿಕಾರಿಗಳ ಗುರುತಿನ ಚೀಟಿ ಕೊರಳಿಗೆ ಹಾಕ್ಕೊಂಡು ಮನೆ ಮನೆಗೆ ಹೋಗಿ ಜಾತಿ, ಭಾಷೆ, ಆಧಾರ್ ವಿವರ ಬರೆದುಕೊಂಡರು. ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದ ಪಟ್ಟಿಯಲ್ಲಿ ಸೇರಿಸಿದ, ತೆಗೆದ ಹೆಸರುಗಳನ್ನೆಲ್ಲ ಮರುಪರಿಶೀಲಿಸಿ ಅಂತ ಆಯೋಗವೇ ಆದೇಶ ಮಾಡಬೇಕಾಯ್ತು. ಇಲ್ಲಿ ಯಾರೂ ಯಾವ ಸರ್ವರ್ ಒಡೆಯಲಿಲ್ಲ. ಬಾಗಿಲು ತಟ್ಟಿದರು, ನಾವೇ ತೆಗೆದು ‘ಬನ್ನಿ ಸಾರ್, ಕೂತ್ಕೊಳ್ಳಿ’ ಅಂದೆವು.

ಅದೇ ಹೊತ್ತಿಗೆ ಕಲಬುರಗಿ ಜಿಲ್ಲೆಯ ಆಳಂದ. 2018ರಲ್ಲಿ ಅಲ್ಲಿ ಗೆಲುವಿನ ಅಂತರ 697 ಮತ. 2023ರ ಚುನಾವಣೆಗೆ ಮುಂಚೆ ಆ ಒಂದೇ ಕ್ಷೇತ್ರದಲ್ಲಿ ಹೆಸರು ತೆಗೆಯಲು ಆನ್‌ಲೈನಿನಲ್ಲಿ ಬಂದ ನಮೂನೆ 7ರ ಅರ್ಜಿ 6,018. ಒಬ್ಬ ಬೂತ್ ಮಟ್ಟದ ಅಧಿಕಾರಿಗೆ ತನ್ನ ಸ್ವಂತ ಸಂಬಂಧಿಕರ ಹೆಸರಿಗೇ ಅರ್ಜಿ ಬಂದಿರೋದು ಕಂಡಿತು. ಅಲ್ಲಿಂದ ಗುಟ್ಟು ಬಿಚ್ಚಿಕೊಂಡಿತು. ಪರಿಶೀಲಿಸಿದಾಗ ನಿಜವಾದ ಅರ್ಜಿ 24, ಉಳಿದ 5,994 ಸುಳ್ಳು. ಯಾರ ಹೆಸರಲ್ಲಿ ಅರ್ಜಿ ಹೋಗಿತ್ತೋ ಅವರಿಗೇ ಗೊತ್ತಿರಲಿಲ್ಲ. 2023ರ ಫೆಬ್ರವರಿಯಲ್ಲಿ ಎಫ್‌ಐಆರ್ ಆಯ್ತು, ತನಿಖೆ ಸಿಐಡಿಗೆ ಹೋಯ್ತು. ಯಾವ ಯಂತ್ರದಿಂದ ಬಂತು, ಒಟಿಪಿ ಎಲ್ಲಿಗೆ ಹೋಯ್ತು ಅನ್ನೋ ಪೂರ್ತಿ ವಿವರಕ್ಕೆ ಸಿಐಡಿ ಪತ್ರದ ಮೇಲೆ ಪತ್ರ ಬರೆಯಿತು. 18 ತಿಂಗಳಲ್ಲಿ 18 ಪತ್ರ ಅಂತ ರಾಹುಲ್ ಗಾಂಧಿ 2025ರ ಸೆಪ್ಟೆಂಬರ್ 18ರಂದು ಹೇಳಿದರು. ನಮ್ಮಲ್ಲಿದ್ದ ಮಾಹಿತಿಯನ್ನ 2023ರ ಸೆಪ್ಟೆಂಬರ್‌ನಲ್ಲೇ ಕೊಟ್ಟಿದ್ದೀವಿ, ಆನ್‌ಲೈನಿನಲ್ಲಿ ಯಾರೂ ಮತ ಅಳಿಸೋಕೆ ಆಗಲ್ಲ ಅಂತ ಆಯೋಗ ಉತ್ತರಿಸಿತು. ಆಮೇಲೆ ಬಂದ ಎಸ್‌ಐಟಿ ಯಾವ ಸಮುದ್ರ ದಾಟಿತು? ಕಲಬುರಗಿಯಲ್ಲೇ ನಡೀತಿದ್ದ ಡೇಟಾ ಸೆಂಟರ್, ಅರ್ಜಿಯೊಂದಕ್ಕೆ 80 ರೂಪಾಯಿ ಅಂತ ಪತ್ರಿಕೆಗಳಲ್ಲಿ ವರದಿಯಾಯ್ತು. ಆರೋಪಪಟ್ಟಿ ಸಲ್ಲಿಕೆಯಾಗಿದೆ, ತೀರ್ಪು ಕೊಡಬೇಕಾದ್ದು ನ್ಯಾಯಾಲಯ. ಆದರೆ ಆ 80 ರೂಪಾಯಿ ನನ್ನ ತಲೆಯಿಂದ ಹೋಗ್ತಿಲ್ಲ. ನಮ್ಮ ಓಟಿನ ಬೆಲೆ ಒಂದು ಬಿರಿಯಾನಿ ಪೊಟ್ಟಣಕ್ಕಿಂತ ಕಡಿಮೆ.

ಇಷ್ಟಾದರೂ ಬೆರಳು ಮತ್ತೆ ಹೊರಕ್ಕೇ ತೋರಿಸುತ್ತೆ. 2025ರಲ್ಲಿ ಬಿಹಾರದ ವಿಶೇಷ ತೀವ್ರ ಪರಿಷ್ಕರಣೆ ನಡೀತಿರುವಾಗ, ನೇಪಾಳ, ಬಾಂಗ್ಲಾದೇಶ, ಮ್ಯಾನ್ಮಾರ್‌ನವರು ದೊಡ್ಡ ಸಂಖ್ಯೆಯಲ್ಲಿ ಸಿಕ್ಕಿದ್ದಾರೆ ಅಂತ ಜುಲೈನಲ್ಲಿ ಆಯೋಗದ ‘ಮೂಲಗಳು’ ಹೇಳಿದವು. ಆಗಸ್ಟ್ 1ರ ಕರಡಿನಿಂದ 65 ಲಕ್ಷ ಹೆಸರು ಹೋಗಿದ್ದವು. ಯಾರವು, ಯಾಕೆ ಹೋದವು ಅಂತ ಪ್ರಕಟಿಸಿ ಅಂತ ಸುಪ್ರೀಂ ಕೋರ್ಟೇ ಆಗಸ್ಟ್ 14ರಂದು ಹೇಳಬೇಕಾಯ್ತು. ಅಂತಿಮ ಪಟ್ಟಿ ಬಂದಾಗ ಅದರಲ್ಲಿ ವಿದೇಶಿಯರು ಎಷ್ಟು ಅನ್ನೋ ಪ್ರತ್ಯೇಕ ಲೆಕ್ಕ ಮಾತ್ರ ಆಯೋಗ ಕೊಡಲಿಲ್ಲ. ಭಯಕ್ಕೆ ಸಂಖ್ಯೆ ಬೇಕಾಗಲ್ಲ, ಉತ್ತರದಾಯಿತ್ವಕ್ಕೆ ಬೇಕು.

ನಮ್ಮ ಮೊಹಲ್ಲಾದಲ್ಲಿ ಇದರ ಅರ್ಥ ಏನು ಗೊತ್ತಾ? ಕಬೀರ್ ರಸ್ತೆಯ ಬಾಡಿಗೆ ಮನೆ ಬಿಟ್ಟು ಅಕ್ಬರ್ ರಸ್ತೆಗೆ ಹೋದ ಕುಟುಂಬ ಪಟ್ಟಿಯ ಭಾಷೆಯಲ್ಲಿ ‘ಸ್ಥಳಾಂತರ’. ಬೆಳಿಗ್ಗೆ ಐದಕ್ಕೇ ಪೊರಕೆ ಹಿಡಿದು ಹೊರಟ ಪೌರಕಾರ್ಮಿಕ ಅಕ್ಕ, ಮಂಡಿಯಲ್ಲಿ ಮೂಟೆ ಹೊರುವ ಅಣ್ಣ, ಪರಿಶೀಲನೆಗೆ ಬಂದಾಗ ಮನೆಯಲ್ಲಿಲ್ಲದಿದ್ದರೆ ‘ಗೈರು’. ದಲಿತರು, ಮುಸ್ಲಿಮರು, ಬಾಡಿಗೆದಾರರು, ಗಂಡನ ಮನೆಗೆ ಬಂದ ಹೆಣ್ಣುಮಕ್ಕಳು, ಇವರ ಹೆಸರು ಅಳಿಸೋಕೆ ಹ್ಯಾಕಿಂಗ್ ಕಲಿಯಬೇಕಿಲ್ಲ. ಒಂದು ಟಿಕ್ ಸಾಕು.

ಆದ್ದರಿಂದ ಕೆಲಸದ ಮಾತು. ನಮೂನೆ 7ರಲ್ಲಿ ಬಂದ ಆಕ್ಷೇಪಣೆಗಳ ಪಟ್ಟಿಗೆ ನಮೂನೆ 10 ಅಂತಾರೆ. ಅದನ್ನ ನೋಂದಣಾಧಿಕಾರಿ ಪ್ರಕಟಿಸಬೇಕು, ಹೋಗಿ ಕೇಳಿ ನೋಡಿ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 22ನೇ ಕಲಂ ಪ್ರಕಾರ ಊರು ಬಿಟ್ಟಿದ್ದಾರೆ, ಅರ್ಹರಲ್ಲ ಅಂತ ಹೆಸರು ತೆಗೆಯೋ ಮುಂಚೆ ನಿಮ್ಮ ಮಾತು ಕೇಳಲೇಬೇಕು. ತೆಗೆದರೆ 24ನೇ ಕಲಂ ಕೆಳಗೆ ಮೇಲ್ಮನವಿ ಹಾಕಬಹುದು. ಸುಳ್ಳು ಘೋಷಣೆ ಕೊಟ್ಟವನಿಗೆ 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು. ಕರ್ತವ್ಯ ತಪ್ಪಿದ ಅಧಿಕಾರಿಗೆ 32ನೇ ಕಲಂ ಇದೆ. ಬೂತಿಗೊಂದು ಪಟ್ಟಿ ಮುದ್ರಿಸಿ ಇಟ್ಟುಕೊಳ್ಳಿ. ಹೊಸದು ಬಂದಾಗ ಹಳೆಯದರ ಜೊತೆ ಸಾಲು ಸಾಲು ತಾಳೆ ನೋಡಿ. ಬೇಜಾರಿನ ಕೆಲಸ, ಕಣ್ಣು ಉರಿಯುತ್ತೆ. ಆದರೂ ಮಾಡಿ.

ಆಯೋಗಕ್ಕೆ ನಮ್ಮ ಬೇಡಿಕೆ ಎರಡೇ. ಹುಡುಕಬಹುದಾದ ಪಟ್ಟಿ ಮತ್ತೆ ಕೊಡಿ. ಹೆಸರು ತೆಗೆದಾಗ ಯಾರು ಅರ್ಜಿ ಹಾಕಿದ್ದು, ಯಾರು ಒಪ್ಪಿದ್ದು ಅನ್ನೋ ದಾಖಲೆಯನ್ನ ಆ ಮತದಾರರ ಕೈಗೆ ಕೊಡಿ. ಇಷ್ಟು ಮಾಡಿ, ಆಮೇಲೆ ವಿದೇಶಿ ಹ್ಯಾಕರ್ ಬಂದ ಅಂತ ಹೇಳಿ. ಅವನನ್ನ ಹಿಡಿಯೋಕೆ ಬೂತಿಗೆ ಹತ್ತು ಜನ ನಾವೇ ಬರ್ತೀವಿ.

ಜೈ ಭೀಮ್.