ಸುಳ್ಳು ಹೇಳುವ ಮುಳ್ಳು: ಹಳೆಯ ಸ್ಪೋರ್ಟ್ಸ್ ಕಾರಿನ ಸ್ಪೀಡೋಮೀಟರ್ ದೋಷ, ಪತ್ತೆ ಮತ್ತು ದುರಸ್ತಿ

ಚಿಕ್ಕೋಡಿ: ಎಂಜಿನ್ ಕೆಟ್ಟರೆ ಕಾರಿನ ಮಾಲೀಕನ ಕಿವಿಗೆ ತಿಳಿಯುತ್ತದೆ, ಬ್ರೇಕ್ ಸಡಿಲಾದರೆ ಕಾಲಿಗೆ ತಿಳಿಯುತ್ತದೆ. ಸ್ಪೀಡೋಮೀಟರ್ ಕೆಟ್ಟಿರುವುದು ಮಾತ್ರ ತಿಂಗಳುಗಟ್ಟಲೆ ಗಮನಕ್ಕೆ ಬರುವುದಿಲ್ಲ. ಮುಳ್ಳು ಪೂರ್ತಿ ನಿಂತರೆ ಚಾಲಕ ಎಚ್ಚರಗೊಳ್ಳುತ್ತಾನೆ. ಕಡಿಮೆ ಅಂಕಿ ತೋರಿಸುತ್ತ ಓಡಾಡುವ ಮುಳ್ಳನ್ನು ನಂಬಿಬಿಡುತ್ತಾನೆ. ಅಪಾಯವಿರುವುದು ಈ ನಂಬಿಕೆಯಲ್ಲಿಯೇ.

ಮುಳ್ಳು 80 ತೋರಿಸುವಾಗ ಕಾರು 95ರಲ್ಲಿ ಓಡುತ್ತಿದೆ ಎಂದು ಭಾವಿಸೋಣ. 80ರ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗಿದರೆ 95ರಲ್ಲಿ 26 ಮೀಟರ್ ಸಾಗುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಅಥಣಿಯಿಂದ ಕಾಗವಾಡದ ಮೂಲಕ ಮೀರಜ್‌ಗೆ ಹೋಗುವ ರಸ್ತೆಯಲ್ಲಾಗಲಿ, ರಾಯಬಾಗದ ಒಳರಸ್ತೆಗಳಲ್ಲಾಗಲಿ ರಾತ್ರಿ ಹೊತ್ತು ಹಿಂಬದಿ ದೀಪವಿಲ್ಲದ ಟ್ರಾಲಿಯ ಹಿಂದೆ ಬಂದವರಿಗೆ ಆ 4 ಮೀಟರಿನ ಬೆಲೆ ಗೊತ್ತು. ನಿಪ್ಪಾಣಿಯ ಮೂಲಕ ಹಾದುಹೋಗುವ ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಂಡದ ಪ್ರಶ್ನೆಯೂ ಉಂಟು. ಕೇಂದ್ರ ಸರ್ಕಾರದ 2018ರ ಏಪ್ರಿಲ್ ಅಧಿಸೂಚನೆಯ ಪ್ರಕಾರ ವಿಭಜಕವುಳ್ಳ ಚತುಷ್ಪಥದಲ್ಲಿ ಕಾರಿನ ಗರಿಷ್ಠ ವೇಗ 100 ಕಿ.ಮೀ., ಇತರ ರಸ್ತೆಗಳಲ್ಲಿ 70 ಕಿ.ಮೀ.; ರಾಜ್ಯಗಳು ಇದಕ್ಕಿಂತ ಕಡಿಮೆ ಮಿತಿ ವಿಧಿಸಬಹುದು. ಪೊಲೀಸರ ರಾಡಾರ್ ಕಾರಿನೊಳಗಿನ ಮುಳ್ಳನ್ನು ಕೇಳಿ ವೇಗ ಅಳೆಯುವುದಿಲ್ಲ.

ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ತಯಾರಿಸಿದ ಹೆರಾಲ್ಡ್, ಅದೇ ಹೆರಾಲ್ಡ್ ಚಾಸಿಯನ್ನು ಮೊಟಕುಗೊಳಿಸಿ ಬ್ರಿಟನ್ನಿನಲ್ಲಿ 1962ರಲ್ಲಿ ರೂಪಿಸಿದ ಟ್ರಯಂಫ್ ಸ್ಪಿಟ್‌ಫೈರ್, ರ‍್ಯಾಲಿಗಳಲ್ಲಿ ಹೆಸರು ಮಾಡಿದ ಬೆಂಗಳೂರಿನ ಫೈಬರ್ ಮೈಯ ಸಿಪಾನಿ ಡಾಲ್ಫಿನ್, ಹವ್ಯಾಸಿಗಳು ರೇಸಿಗಾಗಿ ತಿದ್ದಿಕೊಂಡ ಫಿಯೆಟ್‌ಗಳು, ಇವೆಲ್ಲ ಕೇಬಲ್ ಕಾಲದ ಕಾರುಗಳು. ಕೇಬಲ್ಲಿನಿಂದ ನಡೆಯುವ ಸ್ಪೀಡೋಮೀಟರ್ ಇರುವ ಯಾವುದೇ ಕಾರಿಗೆ, ಅದಕ್ಕೆ ಕೆಎ-23ರ ಫಲಕವಿರಲಿ ಬೇರೆಯದಿರಲಿ, ಮುಂದಿನ ವಿವರ ಅನ್ವಯಿಸುತ್ತದೆ.

ಒಳಗೆ ಏನಿದೆ?

ಗೇರ್‌ಬಾಕ್ಸಿನ ಹೊರದಂಡಕ್ಕೆ ಹೊಂದಿಕೊಂಡ ಪುಟ್ಟ ಹಲ್ಲುಚಕ್ರವೊಂದು ಉದ್ದನೆಯ ಕೇಬಲ್ಲಿನ ಒಳತಂತಿಯನ್ನು ತಿರುಗಿಸುತ್ತದೆ. ತಂತಿಯ ಚೌಕಾಕಾರದ ತುದಿ ಮೀಟರಿನೊಳಗೆ ಕುಳಿತು ಅಯಸ್ಕಾಂತವೊಂದನ್ನು ಸುತ್ತಿಸುತ್ತದೆ. ಅಯಸ್ಕಾಂತವನ್ನು ಮುಟ್ಟದೆ, ಅದರ ಮೇಲೆ ಕವುಚಿದಂತೆ ಒಂದು ಅಲ್ಯುಮಿನಿಯಂ ಬಟ್ಟಲಿದೆ. ಮುಳ್ಳು ಅದಕ್ಕೆ ಅಂಟಿಕೊಂಡಿದೆ. ತಿರುಗುವ ಅಯಸ್ಕಾಂತವು ಬಟ್ಟಲಿನಲ್ಲಿ ಸುಳಿ ವಿದ್ಯುತ್ತನ್ನು ಹುಟ್ಟಿಸಿ ಅದನ್ನು ತನ್ನೊಡನೆ ಎಳೆಯುತ್ತದೆ, ಕೂದಲೆಳೆಯಂಥ ಸ್ಪ್ರಿಂಗ್ ಹಿಂದಕ್ಕೆ ಹಿಡಿಯುತ್ತದೆ. ಈ ಎಳೆದಾಟ ಸಮತೋಲಗೊಂಡ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಒಟ್ಟೊ ಶುಲ್ಝ್ 1902ರಲ್ಲಿ ಪೇಟೆಂಟ್ ಪಡೆದ ಈ ತತ್ವ ಶತಮಾನದುದ್ದಕ್ಕೂ ಬಳಕೆಯಲ್ಲಿತ್ತು. ಕಿಲೋಮೀಟರ್ ಎಣಿಸುವ ಓಡೋಮೀಟರಿಗೆ ಅಯಸ್ಕಾಂತದ ಹಂಗಿಲ್ಲ. ಅದು ಅದೇ ದಂಡದಿಂದ ಹಲ್ಲುಚಕ್ರಗಳ ಮೂಲಕ ನೇರವಾಗಿ ತಿರುಗುತ್ತದೆ.

ಈ ವ್ಯತ್ಯಾಸವೇ ಪತ್ತೆಯ ಕೀಲಿಕೈ. ಮುಳ್ಳು, ಓಡೋಮೀಟರ್ ಎರಡೂ ನಿಂತಿದ್ದರೆ ದೋಷ ಬಹುತೇಕ ಕೇಬಲ್ಲಿನಲ್ಲಿ ಅಥವಾ ಗೇರ್‌ಬಾಕ್ಸಿನ ತುದಿಯಲ್ಲಿದೆ. ಅಂಕಿಗಳು ಉರುಳುತ್ತಿದ್ದು ಮುಳ್ಳು ಮಾತ್ರ ಸತ್ತಿದ್ದರೆ ಮೀಟರಿನ ಬಟ್ಟಲು, ಸ್ಪ್ರಿಂಗ್‌ಗಳನ್ನು ಶಂಕಿಸಬೇಕು. ಮುಳ್ಳು ಸರಿಯಿದ್ದು ಅಂಕಿ ನಿಂತಿದ್ದರೆ ಓಡೋಮೀಟರಿನ ಹಲ್ಲು ಸವೆದಿದೆ. ಇಷ್ಟನ್ನು ನೋಡದೆ ಇಡೀ ಮೀಟರನ್ನೇ ಬದಲಿಸಿ, ಹೊಸದೂ ಓಡದಿದ್ದಾಗ ತಲೆ ಕೆರೆದುಕೊಳ್ಳುವವರು ಕಡಿಮೆಯಿಲ್ಲ.

ಮೊದಲು ಕೇಬಲ್

ಅಗ್ಗದ ಭಾಗದಿಂದ ದುಬಾರಿ ಭಾಗದ ಕಡೆಗೆ ಹೋಗುವುದು ಜಾಣತನ. ಮೀಟರಿನ ಹಿಂಬದಿಯಿಂದ ಕೇಬಲ್ ಬಿಚ್ಚಿ, ಎಂಜಿನ್ ಆರಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಸಮತಟ್ಟಾದ ನೆಲದಲ್ಲಿ ಒಬ್ಬರು ಕಾರನ್ನು ನಿಧಾನವಾಗಿ ತಳ್ಳಬೇಕು, ಇನ್ನೊಬ್ಬರು ಚೌಕ ತುದಿಯನ್ನು ನೋಡಬೇಕು. ತುದಿ ತಿರುಗಿದರೆ ದೋಷ ಮೀಟರಿನಲ್ಲಿದೆ. ತಿರುಗದಿದ್ದರೆ ಗೇರ್‌ಬಾಕ್ಸಿನ ತುದಿಯನ್ನೂ ಬಿಚ್ಚಿ ತಂತಿಯನ್ನು ಹೊರಗೆಳೆಯಬೇಕು. ತಂತಿ ತುಂಡಾಗಿದ್ದರೆ ಕಾರಣ ಕಣ್ಣೆದುರೇ ಇರುತ್ತದೆ. ತಂತಿ ಇಡಿಯಾಗಿದ್ದರೆ ಚೌಕದ ಮೂಲೆಗಳು ದುಂಡಗಾಗಿವೆಯೇ, ಗೇರ್‌ಬಾಕ್ಸಿನ ಪುಟ್ಟ ಚಕ್ರದ ಹಲ್ಲು ಸವೆದಿದೆಯೇ ಎಂದು ಪರೀಕ್ಷಿಸಬೇಕು.

ನಡುಗುವ, ಜಿಗಿಯುವ ಮುಳ್ಳಿಗೂ ಸಾಮಾನ್ಯವಾಗಿ ಕೇಬಲ್ಲೇ ಕಾರಣ. ಒಣಗಿದ ತಂತಿ ಕವಚದೊಳಗೆ ಒಂದು ಕ್ಷಣ ಹಿಡಿದು, ಹುರಿಗೊಂಡು, ಥಟ್ಟನೆ ಬಿಡುತ್ತದೆ. ಮುಳ್ಳು ಅದನ್ನೇ ನಕಲು ಮಾಡುತ್ತದೆ. ತಂತಿಯನ್ನು ನೆಲದ ಮೇಲೆ ನೇರವಾಗಿ ಚಾಚಿ ಬೆರಳುಗಳ ನಡುವೆ ಹೊರಳಿಸಿದರೆ ಒಳಡೊಂಕು ಇರುವ ಕಡೆ ಅದು ಎಗರಿ ಬೀಳುತ್ತದೆ. ಅಂಥ ತಂತಿಯನ್ನು ನೆಟ್ಟಗೆ ಮಾಡಲು ಹೋಗದೆ ಬದಲಿಸುವುದೇ ಲೇಸು. ಕವಚವನ್ನು ಕೂರಿಸುವಾಗ ಯಾವ ಬಾಗೂ 15 ಸೆಂ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿರಬಾರದು, ಮೀಟರಿಗೆ ಸೇರುವ ಕೊನೆಯ 5 ಸೆಂ.ಮೀ. ನೇರವಾಗಿರಬೇಕು.

ಗ್ರೀಸ್ ಹಚ್ಚುವ ಕೆಲಸದಲ್ಲಿ ಅತ್ಯುತ್ಸಾಹವೇ ಶತ್ರು. ತಂತಿಗೆ ತೆಳುವಾಗಿ ಹಚ್ಚಿ, ಮೀಟರಿನ ಕಡೆಯ 20 ಸೆಂ.ಮೀ. ಭಾಗವನ್ನು ಒರೆಸಿ ಒಣಗಿಸಬೇಕು. ಹೆಚ್ಚಾದ ಗ್ರೀಸ್ ಸುತ್ತುವ ತಂತಿಯ ಜೊತೆ ಮೇಲೇರಿ ಮೀಟರನ್ನು ಹೊಕ್ಕು ಬಟ್ಟಲನ್ನೂ ಅಯಸ್ಕಾಂತವನ್ನೂ ಅಂಟಿಸಿಬಿಡುತ್ತದೆ. ಆಗ ಕಾರು ಹೊರಟೊಡನೆ ಮುಳ್ಳು ಕೊನೆಯ ಅಂಕಿಗೆ ಹೋಗಿ ಬಡಿಯುತ್ತದೆ.

ಈ ಭಾಗದ ಕಾರುಗಳಿಗೆ ಇನ್ನೊಂದು ಕಾಟವಿದೆ. 2019ರ ಆಗಸ್ಟ್ ಹಾಗೂ 2021ರ ಜುಲೈನಲ್ಲಿ ನಿಪ್ಪಾಣಿ ಬಳಿಯ ಯಮಗರಣಿಯಲ್ಲಿ ವೇದಗಂಗೆ ಹೆದ್ದಾರಿಯನ್ನೇ ಆವರಿಸಿ ಸಂಚಾರ ನಿಂತಿತ್ತು. ಕೃಷ್ಣಾ, ದೂಧಗಂಗಾ ತೀರದ ಹಳ್ಳಿಗಳಲ್ಲೂ ನೀರು ನುಗ್ಗಿತ್ತು. ನೀರಿನಲ್ಲಿ ನಿಂತ ಕಾರಿನಲ್ಲಿ ಗೇರ್‌ಬಾಕ್ಸಿನ ಬಳಿಯ ಕೇಬಲ್ ತುದಿ ಬೇಗ ಮುಳುಗುತ್ತದೆ. ಎಂಜಿನ್ ಆಯಿಲ್ ಬದಲಿಸಿ ಕಾರು ಸರಿಯಾಯಿತೆಂದು ಬಿಟ್ಟರೆ ಕವಚದೊಳಗಿನ ಕೆಸರು ಮತ್ತು ತುಕ್ಕು ತಿಂಗಳುಗಳ ನಂತರ ತಂತಿಯನ್ನು ಕತ್ತರಿಸುತ್ತವೆ. ನೆರೆಯಲ್ಲಿ ನಿಂತಿದ್ದ ಕಾರನ್ನು ಕೊಳ್ಳುವವರು ಈ ತಂತಿಯನ್ನು ಒಮ್ಮೆ ಎಳೆದು ನೋಡುವುದು ಒಳಿತು.

ಓಡುವ ಮೀಟರ್ ಸತ್ಯ ಹೇಳುತ್ತಿದೆಯೇ?

ಇದಕ್ಕೆ ಕಿಲೋಮೀಟರ್ ಕಲ್ಲುಗಳೇ ಸಾಕು. ಸಂಚಾರ ವಿರಳವಿರುವ ನೇರ ರಸ್ತೆಯಲ್ಲಿ ಮುಳ್ಳನ್ನು 60ಕ್ಕೆ ಸ್ಥಿರವಾಗಿಟ್ಟು, ಪಕ್ಕದಲ್ಲಿ ಕುಳಿತವರು ಕಲ್ಲಿನಿಂದ ಕಲ್ಲಿಗೆ ತಗಲುವ ಸೆಕೆಂಡುಗಳನ್ನು ಎಣಿಸಬೇಕು. 3,600ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ನಿಜವಾದ ವೇಗ ಸಿಗುತ್ತದೆ. 60 ಸೆಕೆಂಡಾದರೆ ಮೀಟರ್ ಸರಿ. 50 ಸೆಕೆಂಡಾದರೆ ಕಾರು 72ರಲ್ಲಿದೆ. ರಸ್ತೆ ಅಗಲೀಕರಣದಲ್ಲಿ ಕಲ್ಲುಗಳು ಜಾಗ ಬದಲಿಸಿರುವುದುಂಟು, ಆದ್ದರಿಂದ ಐದು ಕಲ್ಲುಗಳ ಸರಾಸರಿ ತೆಗೆಯಬೇಕು. ಮೊಬೈಲಿನ ಜಿಪಿಎಸ್ ಕೂಡ ಸ್ಥಿರ ವೇಗದಲ್ಲಿ ನಂಬಲರ್ಹ. ಮೀಟರ್ ತುಸು ಹೆಚ್ಚು ತೋರಿಸಿದರೆ ಚಿಂತಿಸಬೇಕಿಲ್ಲ; ವಿಶ್ವಸಂಸ್ಥೆಯ ವಾಹನ ನಿಯಮ 39 ನಿಜ ವೇಗದ ಶೇ 10 ಮತ್ತು 4 ಕಿ.ಮೀ.ವರೆಗೆ ಹೆಚ್ಚು ತೋರಿಸಲು ಅವಕಾಶ ಕೊಡುತ್ತದೆ, ಕಡಿಮೆ ತೋರಿಸಲು ಕೊಡುವುದಿಲ್ಲ.

ಎಲ್ಲ ವೇಗಗಳಲ್ಲೂ ಒಂದೇ ಪ್ರಮಾಣದ ತಪ್ಪಿದ್ದರೆ ಟೈರಿನ ಅಳತೆ, ಹಿಂದಿನ ಆಕ್ಸಲ್ ಅಥವಾ ಗೇರ್‌ಬಾಕ್ಸ್ ಬದಲಾಗಿರಬಹುದು. ಮೂಲಕ್ಕಿಂತ ದೊಡ್ಡ ಟೈರ್ ಹಾಕಿದರೆ ಮೀಟರ್ ಕಡಿಮೆ ತೋರಿಸುತ್ತದೆ. ದಶಕಗಳ ಬಳಿಕ ಅಯಸ್ಕಾಂತ ದುರ್ಬಲವಾದರೂ ಫಲ ಅದೇ. ಎಂಜಿ, ಟ್ರಯಂಫ್ ಕಾರುಗಳ ಸ್ಮಿತ್ಸ್ ಮೀಟರುಗಳಲ್ಲಿ ಮುಖಫಲಕದ ಮೇಲೆಯೇ ಒಂದು ಸಣ್ಣ ಸಂಖ್ಯೆ ಅಚ್ಚಾಗಿರುತ್ತದೆ: ಒಂದು ಮೈಲಿಗೆ ತಂತಿ ಎಷ್ಟು ಸುತ್ತು ತಿರುಗಬೇಕೆಂಬ ಲೆಕ್ಕ. ಕಾರನ್ನು 20 ಮೀಟರ್ ತಳ್ಳಿ ತಂತಿಯ ಸುತ್ತುಗಳನ್ನು ಎಣಿಸಿ 50ರಿಂದ ಗುಣಿಸಿದರೆ ಕಿಲೋಮೀಟರಿನ ಲೆಕ್ಕ, ಅದನ್ನು 1.609ರಿಂದ ಗುಣಿಸಿದರೆ ಮೈಲಿಯ ಲೆಕ್ಕ. ಅದು ಫಲಕದ ಸಂಖ್ಯೆಗೆ ಹತ್ತಿರವಿಲ್ಲದಿದ್ದರೆ ಮೀಟರ್ ಈ ಕಾರಿನದಲ್ಲ, ಅಥವಾ ಕಾರಿನ ಒಳಭಾಗ ಮೊದಲಿನದಲ್ಲ. ಮೈಲಿ ಫಲಕವಿರುವ ಕಾರಿನಲ್ಲಿ 50 ಎಂದರೆ ಗಂಟೆಗೆ 80 ಕಿ.ಮೀ. ಎಂಬುದನ್ನು ಮರೆಯಬಾರದು.

ಮೀಟರನ್ನು ಬಿಚ್ಚಲೇಬೇಕಾದರೆ ಅದು ಮನೆಯ ಮೇಜಿನ ಕೆಲಸವಲ್ಲ. ಮುಳ್ಳನ್ನು ಕಿತ್ತು ಅಂದಾಜಿನಲ್ಲಿ ಮತ್ತೆ ಒತ್ತಿದರೆ ಅಳತೆ ಶಾಶ್ವತವಾಗಿ ತಪ್ಪುತ್ತದೆ, ಕೂದಲು ಸ್ಪ್ರಿಂಗ್ ಒಮ್ಮೆ ಬಾಗಿದರೆ ಮುಗಿಯಿತು. ನಿಪ್ಪಾಣಿಯಿಂದ ಸುಮಾರು 40 ಕಿ.ಮೀ. ದೂರದ ಕೊಲ್ಹಾಪುರದ ಉದ್ಯಮನಗರ ಮತ್ತು ಬೆಳಗಾವಿಯ ಉದ್ಯಮಬಾಗ ಲೋಹಗೆಲಸಕ್ಕೆ ಹೆಸರಾದ ಪ್ರದೇಶಗಳು. ಬಿಡಿಭಾಗ ಸಿಗದ ಹಳೆಯ ಕಾರಿಗೆ ಸವೆದ ಹಲ್ಲುಚಕ್ರದ ಮಾದರಿ ಕೊಟ್ಟು ಹೊಸದನ್ನು ಕಡೆಸಿಕೊಳ್ಳಲು ಅಲ್ಲಿ ವಿಚಾರಿಸಬಹುದು. ಹಲ್ಲುಗಳ ಸಂಖ್ಯೆ ಒಂದು ಹೆಚ್ಚುಕಡಿಮೆಯಾದರೂ ಮೀಟರ್ ತಪ್ಪುತ್ತದೆ.

ಕೊನೆಯದು ಓಡೋಮೀಟರಿನ ಅಂಕಿ. ಹಲವು ಹಳೆಯ ಮೀಟರುಗಳಲ್ಲಿ ಐದೇ ಪೂರ್ಣ ಅಂಕಿಗಳಿದ್ದು 99,999ರ ನಂತರ ಸೊನ್ನೆಗೆ ಮರಳುತ್ತವೆ. ಬೇರೆ ಕಾರಿನ ಮೀಟರ್ ಕೂರಿಸಿದಾಗ ಆ ಕಾರಿನ ಓಟವೂ ಜೊತೆಗೆ ಬರುತ್ತದೆ. ಹಳೆಯ ಮೀಟರ್ ನಿಂತ ಅಂಕಿ, ಹೊಸದರ ಆರಂಭದ ಅಂಕಿ, ಬದಲಿಸಿದ ದಿನಾಂಕ, ಈ ಮೂರನ್ನು ಸರ್ವಿಸ್ ಪುಸ್ತಕದಲ್ಲಿ ಬರೆದು, ಕಳಚಿದ ಮೀಟರನ್ನು ಎಸೆಯದೆ ಕಾರಿನ ಕಾಗದಪತ್ರಗಳೊಡನೆ ಇಟ್ಟುಕೊಂಡರೆ ಮುಂದೆ ಕೊಳ್ಳುವವರಿಗೆ ತೋರಿಸಲು ಸಾಕ್ಷ್ಯ ಸಿಗುತ್ತದೆ.